ನಿಲ್ಲಿಸಿದ ಮಾತ್ರೆ

ನನ್ನ ಗಂಡನದು ನ್ಯಾಮತಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಬೋರ್‌ವೆಲ್‌ಗಳಲ್ಲಿ ಸುಟ್ಟುಹೋದ ಮೋಟಾರುಗಳು ಸುತ್ತಲ ಹಳ್ಳಿಗಳಿಂದ ಅಲ್ಲಿಗೆ ಬರುತ್ತವೆ. ಕರಕಲಾದ ತಂತಿ ಕಿತ್ತು ತೆಗೆದು, ಹೊಸ ತಾಮ್ರದ ತಂತಿ ಸುತ್ತಿ ಕೊಡುವುದು ಅವರ ಕೆಲಸ. ಆ ಕೆಲಸದಲ್ಲಿ ಬೆರಳಿಗೆ ಗೀರು ಬೀಳದ ದಿನ ಕಡಿಮೆ. ಮೊದಲೆಲ್ಲ ಗಾಯವನ್ನು ಬಟ್ಟೆಯಿಂದ ಒತ್ತಿಕೊಂಡು ಮತ್ತೆ ಕೆಲಸಕ್ಕೆ ಕೂರುತ್ತಿದ್ದರು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬಂದ ಮೇಲೆ ಹಾಗಾಗಲಿಲ್ಲ. ಸಣ್ಣ ಗೀರಿಗೂ ರಕ್ತ ಸುಮ್ಮನೆ ಜಿನುಗುತ್ತಲೇ ಇರುತ್ತಿತ್ತು.

ಹೃದಯದ ರಕ್ತನಾಳವೊಂದು ಕಟ್ಟಿಕೊಂಡಿದೆ ಎಂದು ದಾವಣಗೆರೆಯಲ್ಲಿ ಬಲೂನ್ ಹಾಯಿಸಿ ಅದನ್ನು ತೆರೆದಿದ್ದರು. ಮತ್ತೆ ಮುಚ್ಚದಿರಲಿ ಎಂದು ಒಳಗೆ ಬಲೆಯಂಥ ಸಣ್ಣ ಕೊಳವೆ ಕೂರಿಸಿದ್ದರು, ಅದೇ ಸ್ಟೆಂಟ್. ಮನೆಗೆ ಕಳಿಸುವಾಗ ಡಾಕ್ಟರು ಎರಡು ಬಗೆಯ ಮಾತ್ರೆ ತೋರಿಸಿ, "ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟದ ಹಾಗೆ ಇವು ನೋಡಿಕೊಳ್ತವೆ. ನನ್ನ ಕೇಳದೆ ಯಾವುದನ್ನೂ ಬಿಡಬೇಡಿ" ಎಂದಿದ್ದರು. ಬೆಳಗಿನ ಮಾತ್ರೆಯನ್ನು ನಾನೇ ತಿಂಡಿಯಾದ ಮೇಲೆ ಕೊಡುತ್ತಿದ್ದೆ. ಮಧ್ಯಾಹ್ನದ್ದನ್ನು ಊಟದ ಡಬ್ಬಿಯ ಜೊತೆ ಅಂಗಡಿಗೆ ಕಳಿಸುತ್ತಿದ್ದೆ.

ಕೆಲವು ವಾರ ಕಳೆದವು. ಜಗಳೂರಿನಲ್ಲಿ ನನ್ನ ತಂಗಿಯ ಮನೆಯ ಗೃಹಪ್ರವೇಶ ಬಂತು. ನಾವಿಬ್ಬರೂ ಬೆಳಿಗ್ಗೆಯೇ ಹೊರಟು, ಹೊನ್ನಾಳಿಯಲ್ಲಿ ಇಳಿದು ದಾವಣಗೆರೆ ಬಸ್ಸಿಗೆ ಕಾಯುತ್ತಿದ್ದೆವು. ಬಸ್ಸು ಬಂತು. ಅವರು ಏಳಲಿಲ್ಲ.

"ಏಳ್ರೀ, ಸೀಟು ಹೋಗ್ತವೆ."

"ತಡಿ ಸ್ವಲ್ಪ. ಎದೇಲಿ ಏನೋ ಹಿಡ್ದಂಗೆ ಆಗೈತೆ. ಗ್ಯಾಸ್ ಇರ್ಬೇಕು."

ಮುಖ ನೋಡಿದೆ. ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಮೊದಲ ಸಲವೂ ಅವರು ಗ್ಯಾಸ್ ಎಂದೇ ಹೇಳಿದ್ದರು. ನಾನು ಬ್ಯಾಗನ್ನು ಅಲ್ಲೇ ಬಿಟ್ಟು ಆಟೋ ಕೂಗಿದೆ.

ಹೊನ್ನಾಳಿಯ ಆಸ್ಪತ್ರೆಯಲ್ಲಿದ್ದವರು ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು. ಇಸಿಜಿ ಮಾಡಿಸಿದರು. ಕಾಗದ ಹೊರಬರುತ್ತಿದ್ದಂತೆ ಅವರ ಮುಖ ಗಂಭೀರವಾಯಿತು. ಸ್ಟೆಂಟ್ ಹಾಕಿದ ವಿಷಯ ಹೇಳಿದೆ.

"ಮಾತ್ರೆ ಎರಡೂ ತಗೊಳ್ತಿದ್ದಾರಾ?"

"ಒಂದು ದಿನಾನೂ ತಪ್ಸಿಲ್ಲ ಮೇಡಂ," ಎಂದೆ. ಅಷ್ಟು ಧೈರ್ಯವಾಗಿ ಹೇಳಿದೆ.

ಡಾಕ್ಟರು ನನ್ನ ಕಡೆ ನೋಡಲೇ ಇಲ್ಲ. ಅವರ ಕಣ್ಣು ನನ್ನ ಗಂಡನ ಮೇಲಿತ್ತು. "ಯಜಮಾನ್ರೇ, ನೀವೇ ಹೇಳಿ. ನಾನು ಬೈಯಲ್ಲ. ಗೊತ್ತಾಗಬೇಕು ಅಷ್ಟೆ."

ನನ್ನ ಗಂಡ ಗೋಡೆಯ ಕಡೆ ಮುಖ ತಿರುಗಿಸಿದರು. "ಮಧ್ಯಾಹ್ನದ್ದು ಬಿಟ್ಟಿದೀನ್ರೀ. ಒಂದು ವಾರದ ಮೇಲಾತು. ಕೈಗೆ ತಂತಿ ತಾಗಿದ್ರೆ ರಕ್ತ ನಿಲ್ಲಾದೇ ಇಲ್ಲ. ಕೆಲ್ಸ ಮಾಡಾಕೆ ಆಗ್ತಿರಲಿಲ್ಲ."

ದಿನವೂ ಡಬ್ಬಿಯ ಜೊತೆ ಕಳಿಸಿದ್ದ ಮಾತ್ರೆಗಳು ನನ್ನ ಕಣ್ಣ ಮುಂದೆ ಬಂದವು. ಅವರನ್ನು ಕೇಳುವ ಹೊತ್ತು ಅದಾಗಿರಲಿಲ್ಲ. ಡಾಕ್ಟರು ಮಾತ್ರೆಗಳನ್ನು ಅವರ ಬಾಯಿಗೆ ಕೊಟ್ಟು ನುಂಗಿಸಿದರು, ದಾವಣಗೆರೆಗೆ ಫೋನ್ ಮಾಡಿ ಎಲ್ಲವನ್ನೂ ತಿಳಿಸಿದರು. ಆಂಬುಲೆನ್ಸ್ ಹತ್ತುವಾಗ ನನ್ನ ತೋಳು ಹಿಡಿದು, "ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಿರೋ ಹಾಗಿದೆ. ಎಷ್ಟು ಬೇಗ ತಲುಪ್ತೀರೋ ಅಷ್ಟು ಒಳ್ಳೇದು" ಎಂದರು.

ಆ ದಾರಿ ನಾನು ಹುಟ್ಟಿದಾಗಿನಿಂದ ಓಡಾಡಿದ್ದು. ಅವತ್ತು ಅದು ಮುಗಿಯಲೇ ಇಲ್ಲ. ಸುಗ್ಗಿಯ ಕಾಲವಾದ್ದರಿಂದ ಅಲ್ಲಲ್ಲಿ ಅರ್ಧ ರಸ್ತೆಗೆ ಭತ್ತ ಹರವಿದ್ದರು. ಪ್ರತಿ ಸಲವೂ ಗಾಡಿ ನಿಧಾನವಾಗುತ್ತಿತ್ತು, ಡ್ರೈವರ್ ಹಾರ್ನ್ ಒತ್ತಿ ಹಿಡಿಯುತ್ತಿದ್ದ. ಒಂದು ಕಡೆ ಹೆಂಗಸರು ಓಡಿಬಂದು ತಮ್ಮ ಭತ್ತವನ್ನು ಕಾಲಿನಿಂದಲೇ ಬದಿಗೆ ತಳ್ಳಿದರು. ಅವರ ಮುಖ ಈಗಲೂ ನೆನಪಿದೆ.

"ಜಗಳೂರಿಗೆ ಫೋನ್ ಮಾಡು," ಎಂದರು ಮಲಗಿದ್ದವರು. "ಊಟಕ್ಕೆ ಕಾಯ್ತಾ ಕೂತ್ಕಂತಾರೆ."

"ಸುಮ್ನಿರ್ರೀ."

"ನಿಂಗೆ ಸಿಟ್ಟು ಬಂದೈತೆ."

ನಾನು ಉತ್ತರ ಕೊಡಲಿಲ್ಲ. ಅವರ ಕೈ ಮಾತ್ರ ಬಿಟ್ಟಿರಲಿಲ್ಲ. ಸ್ವಲ್ಪ ಹೊತ್ತಿಗೆ ಆ ಕೈಯ ಹಿಡಿತ ಸಡಿಲವಾಯಿತು. ಜೊತೆಗಿದ್ದ ನರ್ಸ್ ಹುಡುಗ ಮುಂದೆ ಬಾಗಿ, "ಅಣ್ಣಾ, ಕಣ್ಣು ಬಿಡ್ರಿ, ನನ್ನ ನೋಡ್ರಿ" ಎಂದು ಜೋರಾಗಿ ಕೂಗಿದ. ಅವರು ಕಣ್ಣು ಬಿಟ್ಟರು, ಆದರೆ ಯಾರನ್ನೂ ಗುರುತು ಹಿಡಿದಂತೆ ಕಾಣಲಿಲ್ಲ. ಸಿಟ್ಟಿದ್ದರೆ ಇರಲಿ, ಒಂದು ಮಾತು ಆಡಿಬಿಡಬೇಕಿತ್ತು ಎಂದು ನನ್ನ ಜೀವ ಹೊಡೆದುಕೊಂಡಿತು.

ದಾವಣಗೆರೆಯಲ್ಲಿ ಬಾಗಿಲಲ್ಲೇ ಸ್ಟ್ರೆಚರ್ ಕಾಯುತ್ತಿತ್ತು. ನೇರವಾಗಿ ಒಳಗೆ ಕರೆದೊಯ್ದರು. ಹೊರಗೆ ನಾನೊಬ್ಬಳೇ. ಹಬ್ಬದ ರೇಷ್ಮೆ ಸೀರೆ ಉಟ್ಟು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದವಳನ್ನು ಹೋಗುವವರು ಬರುವವರೆಲ್ಲ ತಿರುಗಿ ನೋಡುತ್ತಿದ್ದರು. ತಂಗಿ ಫೋನ್ ಮಾಡಿ, "ಎಲ್ಲಿದೀಯಕ್ಕಾ, ಹೋಮ ಮುಗೀತು" ಎಂದಾಗಲೇ ನನಗೆ ಅಳು ಬಂದದ್ದು.

ಡಾಕ್ಟರು ಹೊರಗೆ ಬಂದು ಹೇಳಿದರು: ಕೊಳವೆಯೊಳಗೆ ರಕ್ತ ಗಟ್ಟಿಯಾಗಿ ದಾರಿ ಪೂರ್ತಿ ಮುಚ್ಚಿಹೋಗಿತ್ತು. ಹೆಪ್ಪನ್ನು ಹೀರಿ ತೆಗೆದು ಮತ್ತೆ ಬಲೂನ್ ಹಾಯಿಸಿದ್ದಾರೆ. ಜೀವಕ್ಕೆ ಅಪಾಯವಿಲ್ಲ. ಆದರೆ ಹೃದಯದ ಒಂದು ಭಾಗ ಇನ್ನು ಮೊದಲಿನಷ್ಟು ಗಟ್ಟಿಯಾಗಿ ಬಡಿಯುವುದಿಲ್ಲ.

ವಾರ್ಡಿಗೆ ತಂದ ಮೇಲೆ ಕೇಳಿದೆ. "ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಅಂಗಡಿ ಮುಚ್ಚಿಸ್ತಿದ್ದೆ."

"ಹೂಂ, ಮುಚ್ಚಿಸ್ತಿದ್ದೆ. ಇಲ್ಲಾಂದ್ರೆ ಕೈಗೆ ಗ್ಲೌಸ್ ತಂದು ಕೊಡ್ತಿದ್ದೆ. ಡಾಕ್ಟರಿಗೆ ಫೋನ್ ಮಾಡಿ ಕೇಳ್ತಿದ್ದೆ. ಏನೋ ಒಂದು ಮಾಡ್ತಿದ್ದೆ. ಏನೂ ಮಾಡಾಕೆ ಬಿಡದಂಗೆ ಹೋಗ್ಬಿಡ್ತಿದ್ರಲ್ರೀ!"

ಅವರು ತಂತಿ ಗೀರಿದ ತಮ್ಮ ಬೆರಳುಗಳನ್ನು ನೋಡಿಕೊಂಡರು. ಆಮೇಲೆ, "ತಪ್ಪಾತು" ಎಂದರು. ಮದುವೆಯಾದಾಗಿನಿಂದ ಅವರ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು.

ಈಗ ಮೋಟಾರು ಎತ್ತಿಳಿಸುವುದೆಲ್ಲ ನನ್ನ ಮೈದುನನ ಪಾಲಿಗೆ. ಇವರು ಕೈಗೆ ಗ್ಲೌಸ್ ಹಾಕಿಕೊಂಡು ಕೂತು ತಂತಿ ಸುತ್ತುತ್ತಾರೆ. ಮೊನ್ನೆ ಚನ್ನಗಿರಿ ಕಡೆಯ ರೈತರೊಬ್ಬರು ಮೋಟಾರು ತಂದಿದ್ದರು. ತಮಗೆ ಸ್ಟೆಂಟ್ ಹಾಕಿದ್ದಾರೆ, ನಾಳೆ ಹಲ್ಲು ಕೀಳಿಸಬೇಕು, ರಕ್ತ ಹೋದೀತೆಂದು ಮಾತ್ರೆ ನಿಲ್ಲಿಸುವ ಯೋಚನೆಯಿದೆ ಎಂದು ಮಾತಿನ ಮಧ್ಯೆ ಅಂದರು. ಊಟ ಕೊಡಲು ಹೋಗಿದ್ದ ನಾನು ಅಲ್ಲೇ ನಿಂತಿದ್ದೆ. ನನ್ನ ಗಂಡ ಕೈಯಲ್ಲಿದ್ದ ತಂತಿ ಕೆಳಗಿಟ್ಟರು.

"ಯಾರು ಹೇಳಿದ್ರು ನಿಲ್ಸಾಕೆ?"

"ಯಾರೂ ಇಲ್ಲ, ನಾನೇ ಅನ್ಕಂಡೆ."

"ಮೊದ್ಲು ನಿಮ್ಮ ಹಾರ್ಟ್ ಡಾಕ್ಟರಿಗೆ ಫೋನ್ ಹಚ್ರಿ. ಇಲ್ಲೇ, ನನ್ನ ಮುಂದೆ."

ರೈತರು ಗೊಣಗುತ್ತಲೇ ಫೋನ್ ಮಾಡಿದರು. ಮಾತ್ರೆ ಬಿಡಬೇಡಿ, ಹಲ್ಲಿನ ಡಾಕ್ಟರ ಜೊತೆ ನಾನೇ ಮಾತಾಡುತ್ತೇನೆ ಎಂಬ ಉತ್ತರ ಬಂತು. ನನ್ನ ಗಂಡ ಮತ್ತೆ ತಂತಿ ಕೈಗೆತ್ತಿಕೊಂಡರು. ತಮಗೇನಾಗಿತ್ತು ಎಂದು ಆ ರೈತರಿಗೆ ಹೇಳಲಿಲ್ಲ. ನಾನೂ ಹೇಳಲಿಲ್ಲ. ಡಬ್ಬಿ ಬಿಚ್ಚಿ ಊಟಕ್ಕೆ ಕರೆದೆ.