ವರ್ಷದ ಚಂದಾಗೊಬ್ಬ ಡಾಕ್ಟರು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಹದಿನೆಂಟು ದಿನ ನಾನು ನಮ್ಮ ಅವ್ವನಾಗಿದ್ದೆ. ಸೀರೆ ಉಡಲಿಲ್ಲ, ಅಷ್ಟು ಮರ್ಯಾದೆ ಉಳಿಸಿಕೊಂಡಿದ್ದೆ. ದಿನಾ ಬೆಳಿಗ್ಗೆ ಐದು ನಿಮಿಷ, ಫೋನಿನಲ್ಲಿ ಮಾತ್ರ ಅವ್ವ. ಆ ಹದಿನೆಂಟೂ ದಿನ ಚೆನ್ನಾಗಿ ಓದಿದ ಡಾಕ್ಟರೊಬ್ಬರು ನನ್ನ ದನಿ ಕೇಳಿ ಅವ್ವನ ಆರೋಗ್ಯ ಅಳೆದರು. ನನ್ನ ಆರೋಗ್ಯ ಬಹಳ ಚೆನ್ನಾಗಿತ್ತು. ಅವ್ವನ ಬಲಗಾಲಿನ ಹೆಬ್ಬೆರಳ ಕೆಳಗೆ ಮಾತ್ರ, ಒಣಗಿದ ತೆಂಗಿನ ಗರಿಯ ಕಡ್ಡಿ ಚುಚ್ಚಿದ ಜಾಗದಲ್ಲಿ, ಒಂದು ಹುಣ್ಣು ಸದ್ದಿಲ್ಲದೆ ಒಳಗೆ ಇಳಿಯುತ್ತಿತ್ತು. ಅವ್ವನಿಗೆ ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷ. "ಮಾಯ್ತು ಬುಡ್ಲಾ" ಎಂದಿದ್ದಳು. ನಾನು ನಂಬಿದ್ದೆ. ನಟನಾದವನು ಪಾತ್ರದ ಕಾಲನ್ನೂ ಒಮ್ಮೆ ನೋಡಬೇಕು ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ನನ್ನ ಕಸುಬೇ ಅಂಥದ್ದು. ತಿಪಟೂರಿನ ಮದುವೆ ಛತ್ರಗಳಲ್ಲಿ ಮೈಕು ಹಿಡಿದು ನಾಲ್ಕು ಜನರ ದನಿ ತೆಗೆಯುತ್ತೇನೆ. ನೊಣವಿನಕೆರೆ ಬಸ್ಸಿನ ಕಂಡಕ್ಟರು, ಕೊಬ್ಬರಿ ದಲ್ಲಾಳಿ, ಹೆಣ್ಣಿನ ಕಡೆಯ ಮುನಿಸಿಕೊಂಡ ಸೋದರಮಾವ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ಅಂಥ ಒಂದು ಮದುವೆಯಲ್ಲೇ ಆ ಕರಪತ್ರ ಕೈಗೆ ಸಿಕ್ಕಿದ್ದು. ಅದರ ಮೇಲೆ 'ಕನ್ಸಿಯರ್ಜ್ ಮೆಡಿಸಿನ್' ಎಂದು ಅಚ್ಚಾಗಿತ್ತು. ಎಲ್ಲರ ದನಿಗೂ ಬಗ್ಗುವ ನನ್ನ ನಾಲಿಗೆ ಅದಕ್ಕೆ ಮೂರು ಸಲ ಎಡವಿತು. ಅಪ್ಪ ಕರಪತ್ರ ಓದಿಸಿಕೊಂಡು, "ಚಂದಾ ಡಾಕ್ಟ್ರು ಅನ್ನು" ಎಂದು ಒಂದೇ ಏಟಿಗೆ ಕನ್ನಡಕ್ಕೆ ತಂದರು.

ವಿಷಯ ಇಷ್ಟೇ. ವರ್ಷಕ್ಕೆ ಒಂದು ದೊಡ್ಡ ಮೊತ್ತ ಕಟ್ಟಿದರೆ ಡಾಕ್ಟರು ನಮ್ಮವರು. ದಿನಾ ಅವರೇ ಫೋನು ಮಾಡಿ ವಿಚಾರಿಸುತ್ತಾರೆ. ಸರದಿ ಇಲ್ಲ, ಚೀಟಿ ಇಲ್ಲ, ಕಾಯುವುದಿಲ್ಲ. ಮೊದಲ ತಿಂಗಳು ಬಿಟ್ಟಿ, ಒಗ್ಗಿದರೆ ಮುಂದುವರಿಸುವುದು. ನೋಡಿಕೊಂಡು ಬರೋಣವೆಂದು ಹೋದೆ. ತಣ್ಣನೆಯ ಕೋಣೆ, ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು, ಕೂತರೆ ಮುಳುಗಿಹೋಗುವ ಸೋಫಾ. ಮೀನುಗಳನ್ನು ಬಿಟ್ಟರೆ ರೋಗಿಯಂತೆ ಬಾಯಿ ಬಿಡುತ್ತಿದ್ದವನು ನಾನೊಬ್ಬನೇ. ಡಾಕ್ಟರು ವಯಸ್ಸಿನಲ್ಲಿ ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು. ನನ್ನ ಹೆಸರು ಹಿಡಿದು "ಬನ್ನಿ" ಎಂದರು. ಡಾಕ್ಟರೊಬ್ಬರು ಎದ್ದು ನಿಂತು ಸ್ವಾಗತಿಸಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಅವ್ವ, ಅಪ್ಪ ಇಬ್ಬರ ಹೆಸರಿಗೂ ಅಲ್ಲೇ ಸಹಿ ಹಾಕಿಬಿಟ್ಟೆ.

ಹಾಗೆ ನೋಡಿದರೆ ಇದೇನು ಪರದೇಶದಿಂದ ಬಂದ ಹೊಸ ವಿದ್ಯೆಯಲ್ಲ. ನಮ್ಮ ಮುತ್ತಾತನ ಕಾಲದಲ್ಲಿ ಸುಗ್ಗಿ ಮುಗಿದಾಗ ಕಣದಲ್ಲೇ ಕಮ್ಮಾರನಿಗೆ, ಕ್ಷೌರ ಮಾಡುವವನಿಗೆ ಇಂತಿಷ್ಟು ರಾಗಿ ಎಂದು ಆಯ ಅಳೆದು ಕೊಡುತ್ತಿದ್ದರಂತೆ. ಆಮೇಲೆ ವರ್ಷವಿಡೀ ನೇಗಿಲು ಅವನದು, ಗಡ್ಡ ಇವನದು. ಅರಮನೆಯ ವೈದ್ಯನೂ ಇದೇ ಲೆಕ್ಕದವನೇ. ಒಬ್ಬನೇ ರೋಗಿ, ಬೇಕಾದಷ್ಟು ಬಿಡುವು. ಆದರೆ ರಾಜ ಸತ್ತರೆ ವೈದ್ಯನ ತಲೆಗೂ ಸಂಚಕಾರ ಬರುತ್ತಿದ್ದುದರಿಂದ ಚಿಕಿತ್ಸೆಯಲ್ಲಿ ಸ್ವಲ್ಪ ಆಸ್ಥೆ ಹೆಚ್ಚಿರಬೇಕು. ಕರಪತ್ರದಲ್ಲಿ ಆ ಷರತ್ತು ಮಾತ್ರ ಎಲ್ಲೂ ಕಾಣಲಿಲ್ಲ.

ಆಯ ಕೊಟ್ಟ ಮೇಲೆ ಗಡ್ಡ ಬೆಳೆಸುವುದು ನಷ್ಟವಲ್ಲವೇ? ಬಿಟ್ಟಿ ತಿಂಗಳಾದರೂ ಅಪ್ಪನಿಗೆ ಆ ಲೆಕ್ಕ ಬಿಡಲಿಲ್ಲ. ನೆಗಡಿಗೆ ಫೋನು, ಸೀನಿಗೆ ಫೋನು, ಕನಸಿಗೆ ಫೋನು. ಒಂದು ದಿನ ಹಟ್ಟಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು:

"ಡಾಕ್ಟ್ರೇ, ಬುಡದಿಂದ ಎರಡು ಮೊಳ ಮೇಲೆ ಬಿರುಕು ಬಿಟ್ಟೈತೆ. ಕೆಂಪಗೆ ರಸ ಸೋರ್ತೈತೆ."

"ಎಷ್ಟು ದಿನದಿಂದ? ಜ್ವರ ಇದೆಯಾ?" ಆ ಕಡೆಯ ದನಿಯಲ್ಲಿ ಗಾಬರಿ.

"ಜ್ವರ ಎಲ್ಲಿಂದ ಬರ್ಬೇಕು ಸ್ವಾಮಿ, ತೆಂಗಿನ ಮರಕ್ಕೆ?"

ಆ ಪುಣ್ಯಾತ್ಮ ಬೈಯಲಿಲ್ಲ. ಕೃಷಿ ಇಲಾಖೆಯ ನಂಬರು ಹುಡುಕಿ ಕಳಿಸಿದರು. ನಮ್ಮ ಮನೆಯಲ್ಲಿ ಆ ತಿಂಗಳು ಸೋರುವ ಗಾಯವೊಂದು ಡಾಕ್ಟರ ಕಿವಿಗೆ ಬಿದ್ದಿದ್ದರೆ ಅದು ಮರದ್ದು.

ಯಾಕೆಂದರೆ ಅವ್ವ ಮರ್ಯಾದಸ್ಥೆ. ಮೊದಲ ವಾರ ಅವಳೇ ಫೋನು ಹಿಡಿದಿದ್ದಳು. "ಹೇಗಿದೀರಾ ಅಮ್ಮಾ?" ಎಂದು ಡಾಕ್ಟರು ಕೇಳಿದರೆ, "ಚೆನ್ನಾಗಿವ್ನಿ ಕಣಪ್ಪ, ನೀವು? ಮನೇಲೆಲ್ಲ ಹುಷಾರಾ? ತಿಂಡಿ ಆಯ್ತಾ?" ಎಂದು ಅವಳೇ ತಪಾಸಣೆ ಶುರುಮಾಡುತ್ತಿದ್ದಳು. ಹೇಗಿದ್ದೀರಿ ಎಂದವರಿಗೆ ಚೆನ್ನಾಗಿದ್ದೇವೆ ಎನ್ನಬೇಕು. ಬೆಳಗಾಗೆದ್ದು ಪಾಪ ಅಷ್ಟು ದೂರದಿಂದ ಕೇಳುವವರ ಮುಂದೆ ಯಾರಾದರೂ ಕಾಲಿನ ಕೀವು ತೆಗೆದಿಡುತ್ತಾರೆಯೇ? ಎಂಟನೆಯ ದಿನ ಹಾಲು ಕರೆಯುವ ಹೊತ್ತಿಗೇ ಫೋನು ಬಂತು. "ಚೆನ್ನಾಗವ್ಳೆ ಅಂತ ನೀನೇ ಹೇಳ್ಬುಡ್ಲಾ" ಎಂದಳು. ಹೇಳಬಹುದಿತ್ತು. ಆದರೆ ನನ್ನ ಗಂಟಲು ಸುಮ್ಮನಿರಬೇಕಲ್ಲ! ಅವ್ವನ ಕೆಮ್ಮು, ಅವ್ವನ ನಿಟ್ಟುಸಿರು ಸಮೇತ ಹೇಳಿದೆ. ಸಕ್ಕರೆ ಎಷ್ಟಿದೆ ಎಂದರೆ "ನಿನ್ನೆಯಷ್ಟೇ ಐತೆ ಕಣಪ್ಪ" ಎಂದೆ. ನಿನ್ನೆ ಎಷ್ಟಿತ್ತೆಂದು ಗೊತ್ತಿದ್ದರೆ ತಾನೆ! "ನಿಮ್ಮ ದನಿಯಲ್ಲಿ ಒಳ್ಳೇ ಲವಲವಿಕೆ ಬಂದಿದೆ ಅಮ್ಮಾ" ಎಂದು ಡಾಕ್ಟರು ಹೊಗಳಿದರು. ಛತ್ರದ ಚಪ್ಪಾಳೆಗಿಂತ ಅದು ರುಚಿಯಾಗಿತ್ತು. ಮಾರನೆಯ ದಿನದಿಂದ ಆ ಫೋನು ನನ್ನದೇ ಆಯಿತು.

ಇಪ್ಪತ್ತೈದನೆಯ ದಿನ ಅವ್ವ ಸಂತೆಗೆ ಹೊರಟಳು, ಜೊತೆಗೆ ನಾನೂ. ಸಂತೆಗೆ ಹೋದರೆ ಮೊದಲಿಂದ ತೋರಿಸುತ್ತಿದ್ದ ಹಳೇ ಡಾಕ್ಟರ ಕ್ಲಿನಿಕ್ಕಿಗೆ ಹೋಗಿ ಕೂರುವುದು ಅವ್ವನ ರೂಢಿ. ಅಲ್ಲಿ ಚೀಟಿ ಕೊಡುವವರಿಲ್ಲ. ಬಂದವರು ತಮ್ಮ ಕೈಚೀಲವನ್ನು ಸಾಲಿನಲ್ಲಿ ಇಟ್ಟು, ನೆರಳು ಕಂಡ ಕಡೆ ಕೂರುತ್ತಾರೆ. ಚೀಲಗಳು ಕಾಯುತ್ತವೆ, ಜನ ಹರಟುತ್ತಾರೆ. ಅವತ್ತು ಅವ್ವನ ಪಕ್ಕದಲ್ಲಿ ಕೂತವಳು ಹಾಲ್ಕುರಿಕೆ ಊರಿನ ಒಬ್ಬಾಕೆ, ಪರಿಚಯ ಇಲ್ಲ, ಗುರುತಿಲ್ಲ. ಇಪ್ಪತ್ತೈದು ದಿನ ಡಾಕ್ಟರಿಗೆ "ಚೆನ್ನಾಗಿವ್ನಿ" ಎಂದಿದ್ದ ಮನೆಯ ಯಜಮಾನಿ ಅವಳ ಮುಂದೆ ಕಾಲು ಚಾಚಿ, "ನೋಡೇ ಯವ್ವಾ, ಏನ್ ಮಾಡಿದ್ರೂ ಮಾಯ್ತಾನೇ ಇಲ್ಲ" ಎಂದಳು. ಆಕೆ ಬಗ್ಗಿ ನೋಡಿ, ಎದ್ದು, ಒಳಗಿನ ಡಾಕ್ಟರಿಗೆ ಕೇಳುವಂತೆ ಕೂಗಿದಳು: "ಸ್ವಾಮೀ, ಈವಮ್ಮನ್ನ ಮೊದ್ಲು ನೋಡಿ! ನಮ್ ನಾದ್ನಿಗೆ ಹಿಂಗೇ ಆಗಿ ಬೆರಳು ತಗುದ್ರು!"

ಇಡೀ ಸಾಲಿನಲ್ಲಿ ಒಬ್ಬರೂ ಗೊಣಗಲಿಲ್ಲ. ಯಾರೋ ಅವ್ವನ ಚೀಲವನ್ನು ಎತ್ತಿ ಎಲ್ಲಕ್ಕಿಂತ ಮುಂದೆ ಇಟ್ಟರು. ಹಳೇ ಡಾಕ್ಟರು ಗಾಯ ತೊಳೆದು, ಸಕ್ಕರೆ ನೋಡಿ, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ಇನ್ನೊಂದು ವಾರ ಬಿಟ್ಟು ಬಂದಿದ್ರೆ ಬೆರಳು ಉಳೀತಿರಲಿಲ್ಲ. ಮನೇಲಿ ಯಾರೂ ನೋಡ್ಕೊಳ್ಳಲ್ವೇನಯ್ಯಾ?" ನನ್ನ ಗಂಟಲಲ್ಲಿ ಬಾಡಿಗೆಗಿದ್ದವರೆಲ್ಲ ಆ ಹೊತ್ತಿಗೆ ಮನೆ ಖಾಲಿ ಮಾಡಿದ್ದರು.

ಮಾರನೆಯ ಬೆಳಿಗ್ಗೆ ಫೋನು ಬಂದಾಗ ನನ್ನ ಸ್ವಂತ ದನಿಯಲ್ಲಿ ತಪ್ಪೊಪ್ಪಿಕೊಂಡೆ. ಚಂದಾ ಡಾಕ್ಟರು ಮನೆಗೆ ದಾರಿ ಕೇಳಿಕೊಂಡರು. ಮಧ್ಯಾಹ್ನಕ್ಕೆ ಅವರ ಕಾರು ನಮ್ಮ ಮನೆ ಮುಂದಿತ್ತು. ಕಟ್ಟು ಬಿಚ್ಚಿ, ನೋಡಿ, "ಸರಿಯಾಗೇ ಮಾಡಿದಾರೆ" ಎಂದು ಮತ್ತೆ ಕಟ್ಟಿದರು. "ತಪ್ಪು ನನ್ನದೂ ಇದೆ, ಕಣ್ಣಲ್ಲಿ ನೋಡಬೇಕಿತ್ತು" ಎಂದರು. ನಾನು ಗೇಲಿ ಮಾಡಲು ತಯಾರಿದ್ದ ಮನುಷ್ಯ ಹೀಗೆ ಒಳ್ಳೆಯವನಾಗಿಬಿಟ್ಟರೆ ನನ್ನಂಥವನ ಕಸುಬು ನಡೆಯುವುದು ಹೇಗೆ?

ಅಪ್ಪ ಅಲ್ಲೇ ಕರಗಿದರು. ಕಾರು ಬಂದದ್ದನ್ನು ಇಡೀ ಬೀದಿ ನೋಡಿತ್ತಲ್ಲ. ಅಟ್ಟದಲ್ಲಿ ಒಣಗುತ್ತಿದ್ದ ಕೊಬ್ಬರಿಯನ್ನು ಮಾರಿ ಚಂದಾ ಕಟ್ಟುವುದೇ ಸರಿ ಎಂದು ನನಗೆ ಕಣ್ಸನ್ನೆ ಮಾಡಿದರು. ನನಗೂ ಇಲ್ಲ ಎನ್ನುವ ಮುಖವಿರಲಿಲ್ಲ. ಬೆರಳಿಗಿಂತ ಕೊಬ್ಬರಿ ಹೆಚ್ಚೇ? ಮನೆ ಬಾಗಿಲಿಗೆ ಬರುವ ಡಾಕ್ಟರಿಗೆ ಬೆಲೆ ಇದ್ದೇ ಇದೆ. ಆದರೆ ಕಾಯಿಸದ ಡಾಕ್ಟರ ಹತ್ತಿರ ಮುಚ್ಚಿಟ್ಟದ್ದನ್ನು ಅವ್ವ ಕಾಯುವ ಜಾಗದಲ್ಲಿ ಬಿಚ್ಚಿದ್ದಳು. ಆ ಹರಟೆಯನ್ನು ಯಾವ ಚಂದಾದಲ್ಲಿ ಸೇರಿಸುವುದು? ನಾನು ಈ ತಕ್ಕಡಿ ಹಿಡಿದು ತೂಗುತ್ತಿರುವಾಗಲೇ ಡಾಕ್ಟರು ಎಳನೀರು ಕುಡಿದು ಮುಗಿಸಿ, ಕಾಲು ಯಾರದೋ ಅವರನ್ನೇ ಕೇಳಿದರು:

"ಏನಂತೀರಮ್ಮಾ? ಆ ಸಾಲಲ್ಲಿ ಕಾಯೋ ಕಷ್ಟ ಯಾಕೆ? ನನ್ನ ಹತ್ರ ಯಾವಾಗ ಬಂದ್ರೂ ಒಬ್ಬರೂ ಇರಲ್ಲ. ನಾನು ಬಿಡುವಾಗೇ ಇರ್ತೀನಿ."

ಅವ್ವ ಆ ಹುಡುಗ ಡಾಕ್ಟರನ್ನು, ಇನ್ನೂ ಮದುವೆ ಸಂಬಂಧ ಕುದುರದ ಮಗನನ್ನು ನೋಡುವಂತೆ, ಮರುಕದಿಂದ ನೋಡಿದಳು.

"ಯಾವಾಗ್ಲೂ ಬಿಡುವಾಗಿರೋ ಡಾಕ್ಟ್ರತ್ರ ಯಾರಾದ್ರೂ ಬತ್ತಾರೇನಪ್ಪಾ? ಮೊದ್ಲು ನಿನ್ ಬಾಗ್ಲಲ್ಲಿ ನಾಕು ಜನ ಕಾಯೋ ಹಂಗೆ ಮಾಡ್ಕೋ, ಆಮೇಲೆ ನಾನೂ ಬತ್ತೀನಿ."