ಬೈಯುತ್ತಲೇ ನಡೆದ ಅಮೀನಾಬಿ ಚಾಚಿ

ಅಮೀನಾಬಿ ಚಾಚಿಯಷ್ಟು ವಾಕಿಂಗನ್ನು ದ್ವೇಷಿಸಿದವರನ್ನು ನಾನು ಕಂಡಿಲ್ಲ. ಬೆಳಿಗ್ಗೆ ಆರಕ್ಕೆ ಕಲಘಟಗಿಯ ನಮ್ಮ ಓಣಿಯಿಂದ ಹೊರಬಿದ್ದರೆ ದೇವಿಕೊಪ್ಪದ ರಸ್ತೆಯುದ್ದಕ್ಕೂ ಬೈಗುಳವೇ. ಮಂಜಿಗೆ, ಮೊಣಕಾಲಿಗೆ, ಡಾಕ್ಟರಿಗೆ, ಎದುರು ಬಂದ ನಾಯಿಗೆ, ಎಲ್ಲರಿಗೂ ಪಾಲು ಸಿಗುತ್ತಿತ್ತು. ಹಾಗೆ ಬೈಯುತ್ತಲೇ ಮೂರು ವರ್ಷ ಒಂದು ದಿನವೂ ತಪ್ಪಿಸದೆ ನಡೆದರು.

ಕಾರಣ ಒಂದೇ. ಮೈಭಾರಕ್ಕೆ ಮೊಣಕಾಲು ಮಡಚಲು ಬಾರದೆ ಅವರು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ನಮಾಜು ಮಾಡುವಂತಾಗಿತ್ತು. ಹಣೆ ನೆಲಕ್ಕೆ ಮುಟ್ಟುತ್ತಿರಲಿಲ್ಲ. ಹಾಗೆ ಮಾಡಿದರೆ ತಪ್ಪೇನಿಲ್ಲ ಎಂದು ಮಸೀದಿಯ ಹಿರಿಯರೇ ಹೇಳಿದ್ದರೂ ಚಾಚಿ ಒಪ್ಪಲಿಲ್ಲ. "ದೇವರ ಮುಂದ ಬಸ್‌ಸ್ಟ್ಯಾಂಡಿನ್ಯಾಗ ಕುಂತಂಗ ಕುಂದರ್ಲೇನ್ರಿ?" ಎಂದರು.

ನಾನು ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದ ಶಾಲಾ ಶಿಕ್ಷಕಿ. ನನಗೂ ತೂಕ ಇಳಿಸಬೇಕಿತ್ತು. ನಾವು ನಾಲ್ವರು ಶಿಕ್ಷಕಿಯರು ಗುಂಪು ಕಟ್ಟಿದೆವು. ಗುಲಾಬಿ ಬೂಟು, ಹೆಜ್ಜೆ ಎಣಿಸುವ ಕೈಗಡಿಯಾರ, ವಾಟ್ಸಾಪ್ ಗ್ರೂಪು, ಅದರ ತುಂಬ ಸೂರ್ಯೋದಯದ ಫೋಟೊಗಳು. ಒಬ್ಬಳಂತೂ ನಡೆದದ್ದಕ್ಕಿಂತ ನಿಂತು ಫೋಟೊ ತೆಗೆದದ್ದೇ ಹೆಚ್ಚು. ಹನ್ನೊಂದನೆಯ ದಿನಕ್ಕೆ ನಾಲ್ವರೂ ಹಾಸಿಗೆಯಲ್ಲಿದ್ದೆವು. ಗ್ರೂಪಿನಲ್ಲಿ ಸೂರ್ಯ ಮಾತ್ರ ಹುಟ್ಟುತ್ತಿದ್ದ, ಅದೂ ಹಳೆಯ ಫೋಟೊದಲ್ಲಿ. ಸವೆದ ಹವಾಯಿ ಚಪ್ಪಲಿಯ ಚಾಚಿ ನನ್ನ ಬಾಗಿಲ ಮುಂದೆ ಹಾದುಹೋಗುವಾಗ ಕೂಗುತ್ತಿದ್ದರು. "ಅಕ್ಕೋರ, ಬೂಟಿಗೆ ಜ್ವರ ಬಂದಾವೇನ್ರಿ?"

"ಮನಸ್ಸ ಬರವಲ್ದರಿ ಚಾಚಿ" ಎಂದೆ ಒಮ್ಮೆ.

"ಮನಸ್ಸ ಯಾಕ ಬರಬೇಕ್ರಿ? ಅದನ್ನ ಹಾಸಿಗ್ಯಾಗ ಮಲಗಿಸಿ ಬರ್ರಿ. ನನಗೇನ ಮನಸ್ಸೈತೇನು? ಕಾಲ ಬಂದ್ರ ಸಾಕು."

ಎರಡನೆಯ ವರ್ಷ ಆರು ತಿಂಗಳು ಅವರ ತೂಕ ಕದಲಲೇ ಇಲ್ಲ. "ಸಾಕ ಬಿಡ್ರಿ ಅಮ್ಮಾ" ಎಂದು ಸೊಸೆ ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿ ಕೊಟ್ಟಳು. ಅಲ್ಲೇ ಕೂತಿದ್ದ ನಾನೂ, ದೇಹಕ್ಕೆ ವಿಶ್ರಾಂತಿ ಬೇಕಂತೆ ಎಂದು ಮೊಬೈಲಿನಲ್ಲಿ ಕೇಳಿದ್ದನ್ನು ದೊಡ್ಡ ಪಂಡಿತಳಂತೆ ಒಪ್ಪಿಸಿದೆ. ಚಾಚಿ ಬೆಣ್ಣೆಯನ್ನು ಬೆರಳಿನಿಂದ ಬಳಿದು ಸೊಸೆಯ ತಾಟಿಗೆ ಹಾಕಿದರು. "ವಿಶ್ರಾಂತಿ ತಗೊಂಡ ನೀವ ಎಷ್ಟ ಇಳದೀರಿ, ಅದನ್ನ ಹೇಳ್ರಿ ಮೊದಲ" ಎಂದರು. ನಾನು ಇಳಿದಿರಲಿಲ್ಲ, ಎರಡು ಕಿಲೋ ಏರಿದ್ದೆ.

ಮುಂದೆ ಒಂದು ಶುಕ್ರವಾರ ಅವರ ಹಣೆ ಚಾಪೆಗೆ ಮುಟ್ಟಿತು. ನನ್ನ ಮನೆಗೆ ಬಂದು ಅಳುತ್ತಲೇ ಹೇಳಿದರು. "ಗೆದ್ರಿ ಚಾಚಿ, ಇನ್ನ ಆರಾಮ ಇರ್ರಿ" ಎಂದು ಪೇಡೆ ಕೊಟ್ಟೆ. ಅಳು ತಟ್ಟನೆ ನಿಂತಿತು.

"ಇವತ್ತ ಮುಟ್ಟೇತ್ರಿ. ನಾಳೆ ಮುಟ್ಟಬ್ಯಾಡೇನು?"

ಮರುದಿನ ಆರಕ್ಕೆ ಮತ್ತೆ ರಸ್ತೆಯಲ್ಲಿದ್ದರು. ನಾಚಿಕೆಯಾಗಿ ಅಂದಿನಿಂದ ನಾನೂ ಜೊತೆಗೆ ಹೊರಟೆ.

ಹೋದ ಮಳೆಗಾಲದಲ್ಲಿ ಅವರಿಗೆ ಹೊಟ್ಟೆಯ ಕ್ಯಾನ್ಸರ್ ಎಂದು ತಿಳಿಯಿತು. ಡಾಕ್ಟರು ಕೈಚೆಲ್ಲಿ ಮನೆಗೆ ಕಳಿಸಿದರು. ನಾನು ಕೊನೆಯ ಸಲ ನೋಡಲು ಹೋದಾಗ ಮಧ್ಯಾಹ್ನದ ನಮಾಜಿನ ಹೊತ್ತು. ಮಲಗಿದಲ್ಲೇ ಮಾಡಿರೆಂದು ಸೊಸೆ ಬೇಡಿಕೊಳ್ಳುತ್ತಿದ್ದಳು. ಚಾಚಿ ನನ್ನತ್ತ ತಿರುಗಿ, "ಅಕ್ಕೋರ, ನನ್ನ ಕೆಳಗ ಇಳಸ್ರಿ" ಎಂದರು.

"ಇವತ್ತೊಂದಿನ ಬ್ಯಾಡ್ರಿ ಚಾಚಿ."

ಅಂಥ ತಾತ್ಸಾರದಿಂದ ನನ್ನನ್ನು ಯಾರೂ ನೋಡಿಲ್ಲ. "ಇವತ್ತೊಂದಿನ, ಇವತ್ತೊಂದಿನ ಅಂತ ನೀವ ವರ್ಷ ಕಳದ್ರಿ. ನನಗ ಅಷ್ಟ ದಿನ ಎಲ್ಲಿ ಉಳದಾವ್ರಿ?"

ಸೊಸೆ ಒಂದು ಕಡೆ, ನಾನೊಂದು ಕಡೆ ಹಿಡಿದು ಎತ್ತಿದೆವು. ಇಬ್ಬರು ಬೇಕಿರಲಿಲ್ಲ. ಮೂರು ವರ್ಷ ಒದ್ದಾಡಿ ಇಳಿಸಿದ್ದಕ್ಕಿಂತ ಹೆಚ್ಚನ್ನು ಆ ಹಾಳು ರೋಗ ಎರಡೇ ತಿಂಗಳಲ್ಲಿ ಕಿತ್ತುಕೊಂಡಿತ್ತು. ಅವರ ಮೈಯ ಹಗುರತನ ನನ್ನ ಕೈಗೆ ತಾಕಿ ಅಳು ಬಂತು. ಆದರೆ ಮೊಣಕಾಲು ಮಡಚಿದವು, ಹಣೆ ಚಾಪೆಗೆ ಮುಟ್ಟಿತು. ನಮಾಜು ಮುಗಿದ ಕೂಡಲೇ ಎತ್ತಿ ಮಲಗಿಸಲು ನಾವಿಬ್ಬರೂ ಕೈ ಚಾಚಿದೆವು.

ಚಾಚಿ ನನ್ನ ಕೈ ಸರಿಸಿದರು. "ತಡೀರಿ. ಇಲ್ಲಿಗೆ ಬರಾಕ ಮೂರ ವರ್ಷ ನಡದೇನಿ. ಚೂರ ಕುಂದರ್ತೇನಿ."