ಬಾಣಂತಿ ಕೋಣೆಯ ಗೋಡೆ

ಮನೆಗೆ ಎಲ್ಲೈಸಿ ಮಾಡಿಸಿದವನು ಎಂದೇ ನಮ್ಮ ಬೀದಿಯಲ್ಲಿ ಯತ್ತಪ್ಪನನ್ನು ಗುರುತಿಸುತ್ತಿದ್ದರು. ಎಂಬತ್ತರ ದಶಕದ ಶಿರಾದಲ್ಲಿ ಯಾವ ವಿಮೆಯಾದರೂ ಜನರ ಬಾಯಲ್ಲಿ ಎಲ್ಲೈಸಿಯೇ, ಅದೂ ಮನುಷ್ಯರಿಗೆ ಮಾಡಿಸುವಂಥದ್ದು. ಸಾಲ ಕೊಟ್ಟ ಬ್ಯಾಂಕಿನವರು ಕಟ್ಟಡಕ್ಕೂ ವಿಮೆ ಆಗಲೇಬೇಕು ಎಂದಾಗ ಇವನು ಸೊಟ್ಟಂಬಟ್ಟ ಸಹಿ ಹಾಕಿ ಬಂದಿದ್ದ. "ಏನ್ಲಾ ಯತ್ತಪ್ಪ, ನಿನ್ ಮನೆ ಸತ್ರೆ ದುಡ್ಡು ಯಾರಿಗ್ಲಾ?" ಎಂದು ಟೀ ಅಂಗಡಿಯಲ್ಲಿ ಕಾಲೆಳೆಯುತ್ತಿದ್ದರು. ಅವನು ನಕ್ಕು ಸುಮ್ಮನಾಗುತ್ತಿದ್ದ. ಯಾರು ಏನೆಂದರೂ ನುಂಗಿಕೊಳ್ಳುವ ಮನುಷ್ಯ, ನನಗೆ ಅದನ್ನು ಕಂಡರೇ ಮೈಯೆಲ್ಲ ಉರಿಯುತ್ತಿತ್ತು.

ನಾನು ಪಕ್ಕದ ಮನೆಯವಳು, ಹೆಣ್ಣುಮಕ್ಕಳ ಶಾಲೆಯ ಮೇಷ್ಟ್ರಮ್ಮ. ಬೀದಿಯವರ ಅರ್ಜಿಗಳನ್ನೆಲ್ಲ ನಾನೇ ಬರೆದುಕೊಡಬೇಕಿತ್ತು, ಬೈದುಕೊಂಡೇ ಬರೆದುಕೊಡುತ್ತಿದ್ದೆ.

ಯತ್ತಪ್ಪ ಬುಕ್ಕಾಪಟ್ಟಣದ ಕಡೆಯ ಹಟ್ಟಿಯವನು. ಚಿಕ್ಕಂದಿನಲ್ಲಿ ಕುರಿ ಕಾದು, ಆಮೇಲೆ ಕಂಬಳಿ ಸೊಸೈಟಿಯಲ್ಲಿ ಉಣ್ಣೆ ತೂಗುವ ಕೆಲಸ ಹಿಡಿದು ಪೇಟೆ ಸೇರಿದ. ಹಟ್ಟಿ ಬಿಟ್ಟರೂ ಹಟ್ಟಿಯ ಕಟ್ಟಳೆ ಬಿಡಲಿಲ್ಲ. ಅವರಲ್ಲಿ ಹೆತ್ತ ಹೆಂಗಸು ಕೂಸಿನೊಂದಿಗೆ ಹಟ್ಟಿಯಾಚೆಯ ಗುಡಿಸಲಲ್ಲಿ ಇರಬೇಕು. ಶುದ್ಧಿಯಾಗುವ ತನಕ ಮನೆಯವರು ಮುಟ್ಟುವಂತಿಲ್ಲ, ಒಳಗೆ ಕಾಲಿಡುವಂತಿಲ್ಲ. ಪೇಟೆಯಲ್ಲಿ ಗುಡಿಸಲು ಎಲ್ಲಿ ಹಾಕುವುದು? ಮನೆಯ ಹಿಂಗೋಡೆಗೆ ಸೇರಿಸಿ ಒಂದು ಪುಟ್ಟ ಕೋಣೆ ಕಟ್ಟಿಸಿದ. ಬಾಗಿಲು ಹಿತ್ತಲಿಗಿತ್ತು, ಮನೆಯೊಳಗಿಂದ ದಾರಿಯಿರಲಿಲ್ಲ. ಬಚ್ಚಲಿಗೆ ಹೋಗುವ ನಲ್ಲಿ ಪೈಪು ಆ ಗೋಡೆಯೊಳಗೇ ಹಾದುಹೋಗಿತ್ತು.

ಸೊಸೆ ಹೊನ್ನಕ್ಕ ಹೆಣ್ಣು ಹೆತ್ತಳು. ತವರಿನಲ್ಲಿ ತಾಯಿಯಿಲ್ಲದವಳು, ಗಂಡ ಲಾರಿ ಡ್ರೈವರು, ಊರಲ್ಲಿರುವುದೇ ಅಪರೂಪ. ಆಸ್ಪತ್ರೆಯಿಂದ ನೇರ ಆ ಕೋಣೆಗೇ ಹೋದಳು. ಅತ್ತೆ ಕ್ಯಾತಮ್ಮ ಊಟವನ್ನೂ ಬಿಸಿನೀರನ್ನೂ ಹೊಸ್ತಿಲ ಬಳಿ ಇಟ್ಟು ಹಿಂದೆ ಸರಿಯುತ್ತಿದ್ದಳು.

"ಎಳೆ ಬಾಣಂತಿ ಕಣ್ರೀ! ತನಗೂ ಕೂಸಿಗೂ ಅವಳೇ ನೀರು ಹಾಕ್ಕೋಬೇಕಾ? ನಾನಾದರೂ ಹೋಗಿ ಬರ್ತೀನಿ ಬಿಡಿ" ಎಂದು ರೇಗಿದೆ.

ಕ್ಯಾತಮ್ಮ ಹಿತ್ತಲ ಬಾಗಿಲಿಗೆ ಅಡ್ಡ ನಿಂತಳು. "ನಾವೆಲ್ಲ ಇಂಗೇ ಹೆತ್ತಿರಾದು ಮೇಷ್ಟ್ರಮ್ಮ. ದ್ಯಾವ್ರು ಮುನುಸ್ಕಂಡ್ರೆ ನೀವು ಬಂದು ಕಾಯ್ತೀರಾ?"

ಕೆಲವು ದಿನ ಕಳೆದ ಮೇಲೆ ಹೊನ್ನಕ್ಕ ಒಳಗಿಂದಲೇ ಕೂಗಿ ಹೇಳಿದ್ದು ನನ್ನ ಅಡುಗೆಮನೆಗೂ ಕೇಳಿಸಿತು. "ಅತ್ತೆ, ಗ್ವಾಡೆ ನೆಂದೈತೆ. ನೆಲ ಆರಾದೇ ಇಲ್ಲ."

"ಬಾಣಂತಿ ನೀರು ಕಣಮ್ಮ. ನೀನು ಹುಯ್ಕಳ ನೀರು ಎಲ್ಲಿಗೋಯ್ತದೆ? ಮೋರಿ ಕಡೀಕೆ ತಳ್ಳು."

ಬಾಣಂತಿ ಇರುವ ಕಡೆ ಒದ್ದೆ ಇದ್ದದ್ದೇ ಎಂಬುದು ಕ್ಯಾತಮ್ಮನ ತಿಳಿವಳಿಕೆ. ಹಟ್ಟಿಯ ಗುಡಿಸಲಿಗೆ ನಲ್ಲಿಯಿರಲಿಲ್ಲವಲ್ಲ, ಬೇರೆ ನೀರು ಅವಳಿಗೆ ಹೊಳೆಯಲೇ ಇಲ್ಲ. ಜಗಲಿಯಲ್ಲಿ ಕೂತಿದ್ದ ಯತ್ತಪ್ಪನೂ ಆ ಮಾತು ಕೇಳಿಸಿಕೊಂಡ. ಒಳಗೆ ಹೋಗಿ ಗೋಡೆ ಒಮ್ಮೆ ಮುಟ್ಟಿ ನೋಡಿದ್ದರೆ ಸಾಕಿತ್ತು. ಹೋಗಲಿಲ್ಲ.

ಕೂಸಿಗೆ ಶೀತ ಹಿಡಿಯಿತು. ಉಸಿರಾಡುವಾಗ ಪಕ್ಕೆ ಸೆಳೆಯತೊಡಗಿದ ಮೇಲೆ ಆಸ್ಪತ್ರೆಗೆ ಓಡಿದರು, ಅಷ್ಟರಲ್ಲಿ ತಡವಾಗಿತ್ತು. ಹೊನ್ನಕ್ಕನ ಗಂಡ ಬಂದು ಮಣ್ಣು ಮಾಡಿ, ಯಾರ ಮುಖವನ್ನೂ ನೋಡದೆ ಮತ್ತೆ ಲಾರಿ ಹತ್ತಿದ. ಶುದ್ಧಿ ಮುಗಿಸಿ ಹೊನ್ನಕ್ಕನನ್ನು ಮನೆಯೊಳಕ್ಕೆ ಕರೆದುಕೊಂಡರು. ಆ ಹುಡುಗಿ ಬರಿಗೈಲಿ ಒಳಗೆ ಬಂದಳು.

ಆ ವಾರವೇ ಒಂದು ಮಧ್ಯಾಹ್ನ ಹಿಂಗೋಡೆ ಕುಸಿಯಿತು. ಕೋಣೆ ನೆಲ ಕಚ್ಚಿತು, ಮನೆಯ ಸೂರು ಹಿಂಭಾಗದಲ್ಲಿ ಜೋತುಬಿತ್ತು. ಮಣ್ಣು ಸರಿಸಿ ನೋಡಿದರೆ ಪೈಪಿನ ಕೂಡಿಕೆ ಬಾಯಿಬಿಟ್ಟು ನೀರು ಜಿನುಗುತ್ತಿತ್ತು. ಸುತ್ತಲ ಇಟ್ಟಿಗೆಗೆ ಪಾಚಿ ಕಟ್ಟಿತ್ತು. ಬಾಣಂತಿ ನೀರಲ್ಲ, ನಲ್ಲಿ ನೀರು. ಕ್ಯಾತಮ್ಮ "ಅಯ್ಯಯ್ಯೋ ಸಿವನೇ" ಎಂದು ತಲೆಯ ಮೇಲೆ ಕೈಹೊತ್ತು ಕೂತಳು. ಹೊನ್ನಕ್ಕ ಪೈಪನ್ನು ನೋಡಿದಳು, ಒಳಗೆ ಹೋದಳು.

ಬ್ಯಾಂಕಿನವರು ಹೇಳಿಕಳಿಸಿದ್ದರಿಂದ ತುಮಕೂರಿನಿಂದ ವಿಮೆಯವರೊಬ್ಬರು ಬಂದರು. ಒಳ್ಳೆಯ ಮನುಷ್ಯ, ಬಿಡಿಸಿ ಹೇಳಿದರು. ಯಾರಿಗೂ ಗೊತ್ತಾಗದೆ ಪೈಪು ಒಡೆದು ಗೋಡೆ ಬಿದ್ದಿದ್ದರೆ ಪರಿಹಾರ ಸಿಗುತ್ತದೆ. ಒಳಗಿದ್ದವರು ದಿನವೂ ನೀರು ನೋಡಿಕೊಂಡು ಸುಮ್ಮನಿದ್ದರೆ ಸಿಗುವುದಿಲ್ಲ.

"ಈ ರೂಮಲ್ಲಿ ಯಾರಾದರೂ ವಾಸ ಇದ್ರಾ?" ಎಂದು ಕೇಳಿದರು.

"ಯಾರೂ ಇರ್ಲಿಲ್ಲ ಸ್ವಾಮಿ. ಸೌದೆ ರೂಮು" ಎಂದುಬಿಟ್ಟಳು ಕ್ಯಾತಮ್ಮ. ಯತ್ತಪ್ಪ ಬಿದ್ದ ಇಟ್ಟಿಗೆಗಳನ್ನು ಒಂದೆಡೆ ಒಟ್ಟತೊಡಗಿದ. ಅವರು ಒಂದು ಫಾರಂ ಕೊಟ್ಟು, ಅದನ್ನೇ ಬರೆದು ಕಳಿಸಿ ಎಂದು ಹೊರಟರು.

ಯತ್ತಪ್ಪ ಆ ಫಾರಂ ಹಿಡಿದು ಸಂಜೆ ಸಂಜೆ ನನ್ನ ಜಗಲಿಗೆ ಬರುತ್ತಿದ್ದ, ಬರೆಸದೆ ಎದ್ದುಹೋಗುತ್ತಿದ್ದ. ಮುಂಗಾರು ಹತ್ತಿರವಾಗಿತ್ತು. ಗೋಡೆ ಏಳದಿದ್ದರೆ ಉಳಿದ ಸೂರೂ ನಿಲ್ಲುವುದಿಲ್ಲ, ಹುಟ್ಟಿದಾಗಿನಿಂದ ದುಡಿದು ಕಟ್ಟಿದ್ದು ಅದೊಂದೇ ಮನೆ. ನಾಕಕ್ಷರದ ಸುಳ್ಳು ಬರೆದರೆ ಉಳಿಯುತ್ತದೆ. ಕ್ಯಾತಮ್ಮ ಒಂದೇ ಸಮ ಅವನ ಪ್ರಾಣ ತಿನ್ನುತ್ತಿದ್ದಳು. "ಕೂಸಂತೂ ಓಯ್ತು, ಮನೇನೂ ಕಳ್ಕಂತೀಯಾ? ಯಾರೂ ಇರ್ಲಿಲ್ಲ ಅಂತ ಬರ್ಸ್ಬುಡು."

ಕೊನೆಗೊಂದು ಸಂಜೆ ನನಗೂ ತಾಳ್ಮೆ ಹೋಯಿತು. "ಬರೆಸೋದಾದ್ರೆ ಬರೆಸಯ್ಯ, ಇಲ್ಲಾ ಹರಿದು ಒಲೆಗೆ ಹಾಕು. ನನ್ನ ತಲೆ ಯಾಕೆ ತಿಂತೀಯ?"

ಯತ್ತಪ್ಪ ಟವೆಲಿನಿಂದ ಮುಖ ಒರೆಸಿಕೊಂಡ.

"ಯಾರೂ ಇರ್ಲಿಲ್ಲ ಅಂತ ಎಂಗೆ ಬರ್ಸ್ಲಿ ಮೇಷ್ಟ್ರಮ್ಮ? ಆ ಕೂಸು ಬದುಕಿದ್ದೇ ಆ ರೂಮ್ನಾಗೆ. ಬ್ಯಾರೆ ಎಲ್ಲೂ ಇರ್ಲಿಲ್ಲವಲ್ಲ." ಫಾರಂ ನನ್ನ ಮುಂದಿಟ್ಟ. "ಇದ್ರು ಅಂತ ಬರೀರಿ. ಇಬ್ರು ಇದ್ರು. ದುಡ್ಡು ಬರ್ದಿದ್ರೆ ಕತ್ತೆ ಬಾಲ."

ಅವನ ಬಾಯಿಂದ ಅಷ್ಟು ಗಟ್ಟಿ ಮಾತು ನಾನು ಕೇಳಿದ್ದು ಅದೇ ಮೊದಲು. ವಾಸವಿದ್ದವರ ಹೆಸರು ಎಂಬಲ್ಲಿ ಹೊನ್ನಕ್ಕ ಎಂದು ಬರೆದೆ. ಕೆಳಗಿನ ಸಾಲಿಗೆ ಬಂದು ಪೆನ್ನು ನಿಂತಿತು. "ಕೂಸಿನ ಹೆಸರು?"

"ಹೆಸ್ರು ಇಕ್ಕಿರ್ಲಿಲ್ಲ" ಎಂದ. "ಸುದ್ಧಿ ಆದ್ಮೇಲೆ ತಾನೆ ಇಕ್ಕಾದು."

ಅವರ ನಲ್ಲಿ ನಿಲ್ಲಿಸಿದ್ದರಿಂದ ಹೊನ್ನಕ್ಕ ಆಗ ನಮ್ಮ ಅಂಗಳದಲ್ಲೇ ನೀರು ಹಿಡಿಯುತ್ತಿದ್ದಳು. ನಲ್ಲಿ ತಿರುಗಿಸಿ ನಿಲ್ಲಿಸಿದಳು.

"ನಾನು ಇಕ್ಕಿದ್ದೆ ಮಾವ" ಎಂದಳು. "ದಿನಾ ಕರೀತಿದ್ದೆ. ನೀವ್ಯಾರೂ ಒಳೀಕೆ ಬರ್ಲಿಲ್ವಲ್ಲ, ನಿಮಗೆಂಗೆ ಗೊತ್ತಾಯ್ತದೆ?"

ಯತ್ತಪ್ಪ ಕೂತಲ್ಲಿಂದ ಎದ್ದ. "ಏನಂತ ಕರೀತಿದ್ದೆ ತಾಯಿ? ಹೇಳು, ಬರ್ಸ್ತೀನಿ."

ಅವಳು ಬಿಂದಿಗೆ ಎತ್ತಿ ಸೊಂಟಕ್ಕಿಟ್ಟುಕೊಂಡು ಮನೆ ಕಡೆ ನಡೆದಳು. ಯತ್ತಪ್ಪ ಅಂಗಳದ ಅಂಚಿನ ತನಕ ಹಿಂದೆಯೇ ಹೋಗಿ "ಹೊನ್ನಕ್ಕಾ, ಹೇಳವ್ವಾ" ಎಂದು ಕೇಳುತ್ತಿದ್ದ. ಅವಳು ಹೇಳಲಿಲ್ಲ.